ಡೀಪ್ ಕ್ಲೀನಿಂಗ್ ಆದ್ಮೇಲೂ ದವಡೆ ಹಲ್ಲಲ್ಲಿ 5–6 ಮಿ.ಮೀ. ಪಾಕೆಟ್ ಉಳಿದಿದೆ, ಮುಂದೇನು?

ಹಸಿರೆಲೆ

ಸ್ಟೇಜ್ 3 ಪೆರಿಯೋಡಾಂಟೈಟಿಸ್‌ಗೆ (ಹಲ್ಲು ಹಿಡಿದಿರೋ ಮೂಳೆ ಕರಗೋ ವಸಡಿನ ಕಾಯಿಲೆ, ಮುಂದುವರಿದ ಹಂತ) ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸ್ಕೇಲಿಂಗ್, ರೂಟ್ ಪ್ಲೇನಿಂಗ್, ಅಂದ್ರೆ ವಸಡಿನೊಳಗೆ ಬೇರಿನವರೆಗೂ ಕೆರೆದು ಕ್ಲೀನ್ ಮಾಡಿ ಮೂರು ತಿಂಗಳಾಗಿದೆ. ಈಗ ಮತ್ತೆ ಪಾಕೆಟ್, ಅಂದ್ರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ ಅಳೆದು ನೋಡಿದಾಗ ಮುಂದಿನ ಹಲ್ಲುಗಳಲ್ಲೆಲ್ಲ 2–3 ಮಿ.ಮೀ.ಗೆ ಇಳಿದಿದೆ. ಮೇಲಿನ ದವಡೆ ಹಲ್ಲುಗಳ ಸಂದಿಯಲ್ಲಿ ಮಾತ್ರ 4, 5, ಒಂದು ಕಡೆ 6. ಆ 6ರ ಜಾಗದಲ್ಲಿ ಪ್ರೋಬ್ (ಆಳ ಅಳೆಯೋ ಕಡ್ಡಿ) ಇಟ್ಟರೆ ರಕ್ತ ಬರುತ್ತೆ. ಡಯಾಬಿಟಿಸ್ ಇದೆ, ಬಿಪಿಗೆ ಆಮ್ಲೋಡಿಪಿನ್ ನಡೀತಿದೆ.

ಈ ಸಂಖ್ಯೆಗಳನ್ನ ಹೇಗೆ ಓದಬೇಕು? ಮೂರು ತಿಂಗಳಿಗೊಮ್ಮೆ ಹೋಗೋದು ನಿಜಕ್ಕೂ ಬೇಕಾ, ಆರು ತಿಂಗಳಿಗೆ ಒಂದ್ಸಲ ಸಾಕಾಗಲ್ವಾ? ಮನೆಯಲ್ಲಿ ಸಂದಿ ಕ್ಲೀನ್ ಮಾಡೋದಕ್ಕೆ ಫ್ಲಾಸಾ, ಸಣ್ಣ ಬ್ರಷ್ಷಾ, ನೀರು ಚಿಮ್ಮಿಸೋ ಮೆಷೀನಾ? ಇನ್ನೊಂದು, ಕ್ಲೀನಿಂಗ್ ಆದ್ಮೇಲೆ ಹಲ್ಲು ಉದ್ದ ಆದಂತಿದೆ, ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ. ಇದು ಹೀಗೇ ಇರುತ್ತಾ?

ಬೇರುಮಟ್ಟ

ಪೆರಿಯೋಡಾಂಟೈಟಿಸ್ ಹತೋಟಿಗೆ ಬರುತ್ತೆ, ಆದರೆ ವಾಸಿಯಾಗಿ ಮುಗಿದುಹೋಗೋ ಕಾಯಿಲೆ ಅಲ್ಲ. ಬರೀ ವಸಡು ಊದಿ ರಕ್ತ ಬರೋ ಜಿಂಜಿವೈಟಿಸ್ ಆಗಿದ್ದಿದ್ರೆ ಪೂರ್ತಿ ಮೊದಲಿನಂತಾಗ್ತಿತ್ತು. ಇಲ್ಲಿ ಹಲ್ಲನ್ನ ಹಿಡಿದಿರೋ ಮೂಳೆಯೇ ಕರಗಿದೆ. ಕ್ಲೀನಿಂಗ್‌ನಿಂದ ಆ ಮೂಳೆ ವಾಪಸ್ ಬರಲ್ಲ, ಇನ್ನಷ್ಟು ಕರಗೋದನ್ನ ತಡೀಬಹುದು. ಆದ್ದರಿಂದ ಮುಂದಿನ ಎಲ್ಲ ಲೆಕ್ಕವೂ "ನಿಂತಿದೆಯಾ, ಮುಂದುವರೀತಿದೆಯಾ" ಅನ್ನೋದರ ಮೇಲೆ.

ಒಂದೊಂದು ಹಲ್ಲಿಗೆ ಆರು ಕಡೆ ಅಳೀತಾರೆ: ಕೆನ್ನೆ ಕಡೆ ಮೂರು, ಒಳಗಡೆ ಮೂರು. 3ರವರೆಗೆ ಚಿಂತೆ ಇಲ್ಲ. 4 ಇದ್ದು ರಕ್ತ ಬರದಿದ್ರೆ, ಹಿಂದೆ ಕಾಯಿಲೆ ಇದ್ದ ಬಾಯಿಯಲ್ಲಿ ಅದೂ ಒಳ್ಳೆಯ ಫಲಿತಾಂಶವೇ. ರಕ್ತ ಬರೋ 4, ಮತ್ತೆ 5 ಇರೋ ಜಾಗಗಳನ್ನ ಸಾಮಾನ್ಯವಾಗಿ ಇನ್ನೊಮ್ಮೆ ಒಳಗಿನಿಂದ ಕ್ಲೀನ್ ಮಾಡ್ತಾರೆ. 6 ಅಥವಾ ಅದಕ್ಕಿಂತ ಹೆಚ್ಚು ಉಳಿದ್ರೆ ವಸಡು ಬಿಡಿಸಿ, ಬೇರು ಕಣ್ಣಿಗೆ ಕಾಣುವಂತೆ ಮಾಡಿ ಕ್ಲೀನ್ ಮಾಡೋ ಫ್ಲಾಪ್ ಸರ್ಜರಿಯ ಮಾತು ಬರುತ್ತೆ. ಮೂಳೆ ಕಿರಿದಾಗಿ, ಆಳವಾಗಿ ಬಾವಿಯಂತೆ ಕರಗಿದ್ರೆ ಮಾತ್ರ ಸ್ವಲ್ಪ ಮೂಳೆ ಮತ್ತೆ ಬೆಳೆಸೋ ಚಿಕಿತ್ಸೆಗೆ ಅವಕಾಶ ಇರುತ್ತೆ. ಎಲ್ಲ ಕಡೆ ಒಂದೇ ಸಮ ತಗ್ಗಿದ್ರೆ ಅದು ಕೈಗೂಡೋದು ಕಷ್ಟ. ಇದನ್ನ ಹೇಳೋಕೆ ಎಕ್ಸ್‌ರೇ ಬೇಕು.

ಪಾಕೆಟ್ ಸಂಖ್ಯೆಯೊಂದನ್ನೇ ನೋಡಬೇಡಿ. ಪಾಕೆಟ್ ಅಳೆಯೋದು ವಸಡಿನ ಅಂಚಿನಿಂದ. ಆ ಅಂಚೇ ಕೆಳಗಿಳಿದ್ರೆ ಸಂಖ್ಯೆ ಚಿಕ್ಕದಾಗುತ್ತೆ, ಹಲ್ಲಿನ ಹಿಡಿತ ಹೆಚ್ಚಿರಲ್ಲ. ವಸಡು 2 ಮಿ.ಮೀ. ಇಳಿದು ಪಾಕೆಟ್ 3 ಇದ್ರೆ ಹಿಡಿತ ಹೋಗಿರೋದು ಒಟ್ಟು 5. ಚಾರ್ಟ್‌ನಲ್ಲಿ ಎರಡೂ ಬರೆಸಿ, ಪ್ರತಿ ಸಲವೂ ಒಂದು ಪ್ರತಿ ಇಸ್ಕೊಳ್ಳಿ. ಒಂದೇ ಜಾಗದ ಈ ಮೊತ್ತ ಭೇಟಿಯಿಂದ ಭೇಟಿಗೆ 2 ಮಿ.ಮೀ. ಏರಿದ್ರೆ ಅದು ನಿಜವಾದ ಏರಿಕೆ. 1 ಮಿ.ಮೀ. ವ್ಯತ್ಯಾಸ ಕೈ ಒತ್ತಡದಿಂದಲೂ ಬರುತ್ತೆ, ಅದಕ್ಕೆ ಹೆದರಬೇಡಿ.

ರಕ್ತದ ವಿಷಯ: ಒಂದು ಸಲ ರಕ್ತ ಬಂತು ಅಂದ ಮಾತ್ರಕ್ಕೆ ಆ ಜಾಗ ಕೆಡ್ತಿದೆ ಅಂತಲ್ಲ. ಭೇಟಿ ಮೇಲೆ ಭೇಟಿ ರಕ್ತವೇ ಬರದಿದ್ರೆ ಆ ಜಾಗ ತಣ್ಣಗಿದೆ ಅಂತ ಬಹುಪಾಲು ನಂಬಬಹುದು. ಸಿಗರೇಟ್ ಸೇದೋರಿಗೆ ಮಾತ್ರ ಈ ಮಾತು ಅನ್ವಯಿಸಲ್ಲ. ಅವರಿಗೆ ವಸಡಿನ ಕಾಯಿಲೆ ಒಳಗೆ ಜೋರಾಗಿದ್ರೂ ರಕ್ತ ಕಡಿಮೆ ಕಾಣಿಸುತ್ತೆ.

ಇನ್ನು ಮೂರು ತಿಂಗಳಿಗೊಮ್ಮೆ ಹೋಗೋ ವಿಷಯ. ಪಾಕೆಟ್ ಒಳಗೆ ಕೆದಕಿ ತೆಗೆದ ಬ್ಯಾಕ್ಟೀರಿಯಾ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಮತ್ತೆ ನೆಲೆಯೂರುತ್ತೆ, ಮನೆಯ ಬ್ರಷ್ ಅಷ್ಟು ಆಳಕ್ಕೆ ಹೋಗಲ್ಲ. 5–6 ಉಳಿದಿದ್ದು ಜೊತೆಗೆ ಡಯಾಬಿಟಿಸ್ ಇರೋರು ಆರು ತಿಂಗಳಿಗೆ ದೂಡಬಾರದು. ಒಂದೆರಡು ವರ್ಷ ಎಲ್ಲ ಸ್ಥಿರವಾಗಿದ್ರೆ ಆಗ ಅವಧಿ ಹೆಚ್ಚಿಸೋ ಬಗ್ಗೆ ಡಾಕ್ಟರ ಹತ್ರ ಕೇಳಿ.

ಸಂದಿಗೊಂದಿ

ಸಂದಿ ಕ್ಲೀನಿಂಗ್ ಬಗ್ಗೆ ನಾನು ಹೇಳ್ತೀನಿ, ಮನೆಯಲ್ಲಿ ಗೆಲ್ಲೋದು ಸೋಲೋದು ಎರಡೂ ಅಲ್ಲೇ.

ಮೂಳೆ ಕರಗಿ ಸಂದಿ ತೆರೆದುಕೊಂಡ ಬಾಯಿಗೆ ಇಂಟರ್‌ಡೆಂಟಲ್ ಬ್ರಷ್ಷೇ (ತಂತಿಗೆ ಕೂದಲು ಸುತ್ತಿದ, ಸಂದಿಯೊಳಗೆ ಹೋಗೋ ಸಣ್ಣ ಬ್ರಷ್) ಸರಿ. ಹಲ್ಲಿನ ಬೇರು ದುಂಡಗಿರಲ್ಲ, ಪಕ್ಕದಲ್ಲಿ ಉದ್ದಕ್ಕೂ ತಗ್ಗು ಇರುತ್ತೆ. ಮೇಲಿನ ಮೊದಲ ಪ್ರೀಮೋಲಾರ್ ಅಂದ್ರೆ ಕೋರೆಹಲ್ಲಿನ ಪಕ್ಕದ್ದನ್ನ ತಗೊಳ್ಳಿ, ಅದರ ಮುಂಬದಿಯಲ್ಲಿ ಆ ತಗ್ಗು ಎದ್ದು ಕಾಣುವಷ್ಟಿರುತ್ತೆ. ಫ್ಲಾಸ್ ಎಳೆ ಬಿಗಿಯಾಗಿ ನಿಂತಾಗ ತಗ್ಗಿನ ಎರಡು ದಡಕ್ಕೆ ಮಾತ್ರ ತಾಗುತ್ತೆ, ನಡುವಿನ ಪ್ಲಾಕ್ (ಹಲ್ಲಿಗಂಟೋ ಬ್ಯಾಕ್ಟೀರಿಯಾ ಪದರ) ಹಾಗೇ ಉಳಿಯುತ್ತೆ. ಬ್ರಷ್ಷಿನ ಕೂದಲು ಆ ತಗ್ಗಿನೊಳಗೆ ಇಳಿಯುತ್ತೆ. ವಸಡು ಪೂರ್ತಿ ತುಂಬಿಕೊಂಡು ಬ್ರಷ್ ಹೋಗದ ಬಿಗಿ ಸಂದಿಗಳಿಗೆ ಮಾತ್ರ ಫ್ಲಾಸ್ ಸಾಕು.

ಸೈಜ್ ಒಂದೇ ತಂದ್ರೆ ಆಗಲ್ಲ. ಸಾಮಾನ್ಯವಾಗಿ ಎರಡು ಮೂರು ಸೈಜ್ ಬೇಕಾಗುತ್ತೆ: ಮುಂದಕ್ಕೆ ಚಿಕ್ಕದು, ದವಡೆಗೆ ದೊಡ್ಡದು. ತಂತಿ ಹಲ್ಲಿಗೆ ಉಜ್ಜದೆ, ಕೂದಲು ಎರಡೂ ಬದಿಗೆ ತಾಗಿ, ಒಳಗೆ ಹೋಗುವಾಗ ಸಣ್ಣ ತಡೆ ಸಿಗಬೇಕು. ಸಲೀಸಾಗಿ ಜಾರಿದ್ರೆ ಚಿಕ್ಕದಾಯ್ತು, ಏನೂ ಕ್ಲೀನ್ ಆಗಲ್ಲ. ನೂಕಬೇಕಾದ್ರೆ ದೊಡ್ಡದಾಯ್ತು, ವಸಡಿಗೆ ಗಾಯ. ಬಣ್ಣ ನೋಡಿ ಕೊಳ್ಳಬೇಡಿ, ಒಂದೊಂದು ಕಂಪನಿಯ ಬಣ್ಣ ಒಂದೊಂದು ಸೈಜಿಗೆ. ಮೊದಲ ಸಲ ಕ್ಲಿನಿಕ್‌ನಲ್ಲೇ ಸಂದಿ ಸಂದಿಗೆ ಹಾಕಿ ನೋಡಿ ಬರೆಸಿಕೊಂಡು ಬನ್ನಿ. ಊತ ಇಳಿದ ಹಾಗೆ ಸಂದಿ ದೊಡ್ಡದಾಗುತ್ತೆ, ಆದ್ದರಿಂದ ಡೀಪ್ ಕ್ಲೀನಿಂಗ್‌ಗೆ ಮುಂಚೆ ಕೊಟ್ಟ ಸೈಜ್ ಈಗ ಸರಿಹೋಗಲ್ಲ.

ಮೇಲಿನ ದವಡೆ ಹಲ್ಲಿಗೆ ಬಾಯಿ ದೊಡ್ಡದಾಗಿ ತೆರೆದ್ರೆ ಕೆನ್ನೆ ಬಿಗಿಯಾಗಿ ಕೈ ಹೋಗಲ್ಲ. ಬಾಯಿ ಅರ್ಧ ಮುಚ್ಚಿ, ಕೆನ್ನೆ ಸಡಿಲ ಬಿಡಿ. ತಂತಿಯ ತುದಿಯನ್ನ ಬೆರಳಿಂದ ಸ್ವಲ್ಪ ಬಾಗಿಸಿ, ವಸಡಿಗೆ ಒರಗಿಸಿ ಒಳಗೆ ಬಿಡಿ. ನಾಲ್ಕೈದು ಸಲ ಪೂರ್ತಿ ಹಿಂದೆ ಮುಂದೆ ಆಡಿಸಿ, ಒಮ್ಮೆ ಮುಂದಿನ ಹಲ್ಲಿಗೆ ಒತ್ತಿ, ಒಮ್ಮೆ ಹಿಂದಿನ ಹಲ್ಲಿಗೆ ಒತ್ತಿ. ಒಳಗೆ ಇದ್ದಾಗ ತಿರುಗಿಸಬೇಡಿ, ತಂತಿ ಬುಡದಲ್ಲೇ ಮುರಿಯುತ್ತೆ. ಪೇಸ್ಟ್ ಬೇಡ, ಬೇರಿನ ಮೇಲ್ಮೈ ಮೃದು, ಸವೀತದೆ. ಸಾಧ್ಯವಾದ್ರೆ ಒಳಗಡೆಯಿಂದಲೂ ಹಾಕಿ. ಕೂದಲು ಚಪ್ಪಟೆಯಾದ್ರೆ ಅಥವಾ ತಂತಿ ಸೊಟ್ಟಗಾದ್ರೆ ಹೊಸದು. ದಿನಕ್ಕೆ ಒಂದು ಸಲ, ರಾತ್ರಿ, ಬ್ರಷ್ ಮಾಡೋಕೆ ಮುಂಚೆ.

ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನ ಬಹಳ ಜನ ಮರೀತಾರೆ. ಅಲ್ಲಿಗೆ ಒಂದೇ ಗೊಂಚಲು ಕೂದಲಿರೋ ಸಣ್ಣ ಬ್ರಷ್ ಸಿಗುತ್ತೆ. ಬೇರು ಕವಲೊಡೆಯೋ ಜಾಗ ಹೊರಗೆ ಕಾಣ್ತಿದ್ರೆ ಅದಕ್ಕೂ ಇದೇ.

ಮಾಮೂಲಿ ಬ್ರಷ್: ಸಾಫ್ಟ್ ಕೂದಲು, ವಸಡಿನ ಅಂಚಿಗೆ 45 ಡಿಗ್ರಿ ಓರೆ, ಎರಡು ಮೂರು ಹಲ್ಲಿಗೊಮ್ಮೆ ನಿಲ್ಲಿಸಿ ಸಣ್ಣಗೆ ಅಲುಗಾಡಿಸೋದು, ಒಟ್ಟು ಎರಡು ನಿಮಿಷ. ಅಡ್ಡಕ್ಕೆ ಗಸಗಸ ಉಜ್ಜಿದ್ರೆ ಇಳಿದ ವಸಡು ಇನ್ನೂ ಇಳಿಯುತ್ತೆ.

ಮಳೆಬಿಲ್ಲು

ಇಷ್ಟೆಲ್ಲ ಕಷ್ಟ ಯಾಕೆ, ವಾಟರ್ ಫ್ಲಾಸರ್ ತಗೊಂಡ್ರೆ ಸಂದಿಯೆಲ್ಲ ಒಂದು ನಿಮಿಷದಲ್ಲಿ ಕ್ಲೀನ್ ಆಗುತ್ತಲ್ವಾ?

ಸಂದಿಗೊಂದಿ

ಆಹಾರದ ಚೂರು ಹೋಗುತ್ತೆ, ವಸಡಿನ ರಕ್ತವೂ ಕಡಿಮೆಯಾಗುತ್ತೆ, ಅದು ನಿಜ. ಆದರೆ ಪ್ಲಾಕ್ ಹಲ್ಲಿಗೆ ಅಂಟಿ ಕೂರೋ ಪದರ, ಉಜ್ಜದೆ ಬಿಡಲ್ಲ. ಸ್ಥಿರ ಬ್ರಿಡ್ಜ್ ಹಾಕಿಸಿಕೊಂಡೋರಿಗೆ, ಕ್ಲಿಪ್ ಇರೋರಿಗೆ, ಕೈ ನಡುಗಿ ಸಣ್ಣ ಬ್ರಷ್ ಹಿಡಿಯೋಕೆ ಆಗದೋರಿಗೆ ಅದು ಒಳ್ಳೆಯ ಸಹಾಯ. ಕೈ ಸರಿಯಿರೋರು ಇಂಟರ್‌ಡೆಂಟಲ್ ಬ್ರಷ್ ಬಿಟ್ಟು ಇದನ್ನ ಹಿಡೀಬಾರದು, ಬೇಕಿದ್ರೆ ಜೊತೆಗೆ ಇಟ್ಟುಕೊಳ್ಳಿ.

ಹಸಿರೆಲೆ

ಇಂಟರ್‌ಡೆಂಟಲ್ ಬ್ರಷ್ ಹಾಕಿದ್ರೆ ಕೆಲವು ಕಡೆ ರಕ್ತ ಬರ್ತಿದೆ. ನಿಲ್ಲಿಸಬೇಕಾ? ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಮುಂದುವರಿಸಿದ್ರೆ ಆಗುತ್ತಾ?

ನಿತ್ಯಪಾಠ

ನಿಲ್ಲಿಸಬೇಡಿ. ಊದಿಕೊಂಡಿರೋ ವಸಡು ತಾಗಿದ್ರೆ ರಕ್ತ ಬರುತ್ತೆ, ಪ್ಲಾಕ್ ದಿನಾ ಹೋಗ್ತಿದ್ರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತೆ. ಎರಡು ವಾರ ಕಳೆದರೂ ಅದೇ ಒಂದು ಸಂದಿಯಲ್ಲಿ ಬರ್ತಾನೇ ಇದ್ರೆ ಒಳಗೆ ಗಟ್ಟಿ ಪಾಚಿ, ಅಂದ್ರೆ ಕಲ್ಲಿನಂತೆ ಗಟ್ಟಿಯಾದ ಪ್ಲಾಕ್ ಉಳಿದಿರಬಹುದು. ಅದು ಬ್ರಷ್ಷಿಗೆ ಬಗ್ಗೋದಲ್ಲ, ಕ್ಲಿನಿಕ್‌ನಲ್ಲೇ ತೆಗೀಬೇಕು. ಯಾವ ಸಂದಿ ಅಂತ ಗುರುತು ಮಾಡಿಕೊಂಡು ಮುಂದಿನ ಭೇಟಿಯಲ್ಲಿ ತೋರಿಸಿ.

ಕ್ಲೋರ್‌ಹೆಕ್ಸಿಡಿನ್ ಅಲ್ಪಾವಧಿಯ ಮದ್ದು. 0.2 ಪರ್ಸೆಂಟ್ ಇದ್ರೆ 10 ಮಿ.ಲೀ., ಒಂದು ನಿಮಿಷ, ದಿನಕ್ಕೆ ಎರಡು ಸಲ, ಸಾಮಾನ್ಯವಾಗಿ ಎರಡು ವಾರ. ತಿಂಗಳುಗಟ್ಟಲೆ ಎಳೆದ್ರೆ ಹಲ್ಲು, ನಾಲಿಗೆ ಕಂದಾಗುತ್ತೆ, ರುಚಿ ಕೆಡುತ್ತೆ, ಗಟ್ಟಿ ಪಾಚಿಯೂ ಹೆಚ್ಚಾಗಿ ಕೂರುತ್ತೆ. ಪೇಸ್ಟ್‌ನಲ್ಲಿರೋ ನೊರೆ ಬರಿಸೋ ಸೋಡಿಯಂ ಲಾರಿಲ್ ಸಲ್ಫೇಟ್ ಇದರ ಶಕ್ತಿ ಕುಂದಿಸುತ್ತೆ, ಹಾಗಾಗಿ ಬ್ರಷ್ ಮಾಡಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ಎಷ್ಟು ಮುಕ್ಕಳಿಸಿದ್ರೂ 6 ಮಿ.ಮೀ. ಪಾಕೆಟ್‌ನ ತಳಕ್ಕೆ ಅದು ಇಳಿಯಲ್ಲ. ಉಪ್ಪುನೀರು ನೋವಿಗೆ ಹಿತ, ಪ್ಲಾಕ್ ತೆಗೆಯಲ್ಲ.

ಹಲ್ಲು ಉದ್ದ ಕಾಣೋದು ಕ್ಲೀನಿಂಗ್‌ನ ತಪ್ಪಲ್ಲ. ಊತ ಇಳಿದು ವಸಡು ಕುಗ್ಗಿದಾಗ ಮುಚ್ಚಿಕೊಂಡಿದ್ದ ಬೇರು ಕಾಣಿಸುತ್ತೆ, ಅಷ್ಟೆ. ಆ ಸಂದಿ ಮೊದಲೂ ಇತ್ತು, ಪಾಚಿ ತುಂಬಿತ್ತು. ಜುಮ್ ಅನ್ನೋದು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಗ್ಗುತ್ತೆ. ಪೊಟ್ಯಾಸಿಯಂ ನೈಟ್ರೇಟ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರೋ ಪೇಸ್ಟ್ ದಿನಕ್ಕೆ ಎರಡು ಸಲ, ಕನಿಷ್ಠ ಎರಡು ಮೂರು ವಾರ ಬಿಡದೆ ಬಳಸಿ, ಆಮೇಲೆ ತೀರ್ಮಾನಿಸಿ. ಬ್ರಷ್ ಆದ್ಮೇಲೆ ಉಗುಳಿ, ನೀರಿನಿಂದ ತೊಳೀಬೇಡಿ, ಫ್ಲೋರೈಡ್ ಉಳೀಲಿ.

ನಿಜವಾಗಿ ಹೆದರಬೇಕಾದ್ದು ಜುಮ್‌ಗಿಂತ ಹೆಚ್ಚಾಗಿ ಬೇರಿನ ಹುಳುಕಿಗೆ. ಹೊರಬಿದ್ದ ಬೇರಿಗೆ ಎನಾಮಲ್ ಕವಚ ಇಲ್ಲ, ಸಿಹಿ ಪದೇಪದೇ ತಾಗಿದ್ರೆ ಬೇಗ ಕೊಳೆಯುತ್ತೆ. 1,450 ಪಿಪಿಎಂ ಫ್ಲೋರೈಡ್ ಪೇಸ್ಟ್ ಇರಲಿ. ಬಾಯಿ ಒಣಗೋರಿಗೆ, ಆಗಲೇ ಬೇರು ಹುಳುಕಾದೋರಿಗೆ 5,000 ಪಿಪಿಎಂನದ್ದನ್ನ ಡಾಕ್ಟರು ಬರೆದುಕೊಡ್ತಾರೆ.

ಬೇರುಮಟ್ಟ

ಡಯಾಬಿಟಿಸ್ ವಿಷಯ ಬಿಟ್ಟುಹೋಯ್ತು. ಇದು ಎರಡೂ ಕಡೆಯಿಂದ ನಡೆಯುತ್ತೆ: ಸಕ್ಕರೆ ಏರಿದ್ರೆ ವಸಡು ಮಾಯೋದು ನಿಧಾನ, ವಸಡಿನ ಉರಿಯೂತ ಹೆಚ್ಚಿದ್ರೆ ಸಕ್ಕರೆ ಹತೋಟಿ ಕಷ್ಟ. ವಸಡಿನ ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ) ಸರಾಸರಿ 0.4 ಪರ್ಸೆಂಟೇಜ್ ಪಾಯಿಂಟ್‌ನಷ್ಟು ಇಳಿಯೋದು ಅಧ್ಯಯನಗಳಲ್ಲಿ ಕಂಡಿದೆ. ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟನ್ನ ದಂತವೈದ್ಯರಿಗೂ, ಪಾಕೆಟ್ ಚಾರ್ಟನ್ನ ಶುಗರ್ ಡಾಕ್ಟರಿಗೂ ತೋರಿಸಿ. ಸರ್ಜರಿ ಮಾಡಬೇಕೋ ಬೇಡವೋ ಅನ್ನೋದರಲ್ಲಿ ಈ ಸಂಖ್ಯೆಗೂ ಪಾಲಿದೆ.

ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನ ದಪ್ಪವಾಗಿ ಬೆಳೆಸುತ್ತೆ. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಅಂಗ ಕಸಿ ಆದೋರಿಗೆ ಕೊಡೋ ಸೈಕ್ಲೋಸ್ಪೊರಿನ್‌ಗೂ ಇದೇ ಗುಣ. ಹಲ್ಲುಗಳ ನಡುವಿನ ತ್ರಿಕೋನದ ವಸಡು ಉಬ್ಬಿ ಹಲ್ಲಿನ ಮೇಲೆ ಹತ್ತಿದಂತೆ ಕಂಡ್ರೆ ಇದನ್ನ ಅನುಮಾನಿಸಬೇಕು. ಆಗ ಪಾಕೆಟ್ ಆಳ ಕಾಣೋದು ಮೂಳೆ ಹೋಗಿದ್ದಕ್ಕಷ್ಟೇ ಅಲ್ಲ, ವಸಡು ಹಲ್ಲಿನ ಮೇಲೆ ಬೆಳೆದಿದ್ದಕ್ಕೂ ಇರಬಹುದು. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಬದಲಿ ಮಾತ್ರೆ ಸಾಧ್ಯವಾ ಅಂತ ಬಿಪಿ ನೋಡೋ ಡಾಕ್ಟರೇ ಹೇಳಬೇಕು. ರಕ್ತ ತೆಳು ಮಾಡೋ ಮಾತ್ರೆಗೂ ಇದೇ ಮಾತು. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೋನೇಟ್ ತಗೊಳ್ತಿರೋರು ಹಲ್ಲು ಕೀಳಿಸೋ ಮುಂಚೆ ಕಡ್ಡಾಯವಾಗಿ ತಿಳಿಸಬೇಕು, ದವಡೆ ಮೂಳೆ ಮಾಯದೆ ಉಳಿಯೋ ಅಪಾಯ ಇದೆ.

ನಿತ್ಯಪಾಠ

ಮುಂದಿನ ಭೇಟಿಯಲ್ಲಿ ಬರೀ ಮೇಲಿನ ಪಾಚಿ ತೆಗೆದು ಪಾಲಿಶ್ ಮಾಡಿ ಕಳಿಸಿದ್ರೆ ಒಪ್ಪಬೇಡಿ. ಪ್ಲಾಕ್‌ಗೆ ಬಣ್ಣ ಹಚ್ಚಿ ಎಲ್ಲಿ ಉಳೀತಿದೆ ಅಂತ ಕನ್ನಡಿಯಲ್ಲಿ ತೋರಿಸಬೇಕು, 4ಕ್ಕಿಂತ ಹೆಚ್ಚಿರೋ ಜಾಗಗಳನ್ನಾದರೂ ಮತ್ತೆ ಅಳೀಬೇಕು, ಆ 6ರ ಜಾಗವನ್ನ ಒಳಗಿನಿಂದ ಕ್ಲೀನ್ ಮಾಡಬೇಕು. ಎರಡನೇ ಸಲವೂ ಅದು ಇಳಿಯದಿದ್ರೆ ವಸಡು ತಜ್ಞರ ಹತ್ರ ಕಳಿಸಿ ಅಂತ ನೀವೇ ಕೇಳಿ.

ಈ ಮಧ್ಯೆ ವಸಡಲ್ಲಿ ಗುಳ್ಳೆಯಂತೆ ಊದಿ ಒತ್ತಿದ್ರೆ ಕೀವು ಬಂದ್ರೆ, ಹಲ್ಲು ಇದ್ದಕ್ಕಿದ್ದಂತೆ ಅಲುಗಾಡಿದ್ರೆ, ಕಚ್ಚಿದಾಗ ಒಂದೇ ಹಲ್ಲು ಮೊದಲು ತಾಗಿದಂತಾದ್ರೆ ಮೂರು ತಿಂಗಳು ಕಾಯದೆ ಒಂದೆರಡು ದಿನದಲ್ಲೇ ತೋರಿಸಿ. ಜ್ವರ, ಮುಖ ಊದೋದು, ಬಾಯಿ ತೆರೆಯೋಕೆ ಅಥವಾ ನುಂಗೋಕೆ ಕಷ್ಟ ಆದ್ರೆ ಅದೇ ದಿನ ಆಸ್ಪತ್ರೆಗೆ.