ಮೇಜಿನ ಊಟ ಮತ್ತು ಶಫಾಅತ್: ನಮ್ಮ ಕುಟುಂಬದ ಗುಂಪಿನಲ್ಲಿ ಒಂದು ವಾದ

(ವಲೀಮಾದ, ಅಂದರೆ ಮದುವೆಯ ಔತಣದ, ಮರುದಿನದ ಸಂದೇಶಗಳು. ಅಲ್ಲಿ ಊಟ ಬಡಿಸಿದ್ದು ಮೇಜು-ಕುರ್ಚಿಗಳಲ್ಲಿ. ಉರ್ದು ಓದಲು ಬಾರದ ಮಕ್ಕಳೂ ಇರುವುದರಿಂದ ಈ ಗುಂಪಿನಲ್ಲಿ ಎಲ್ಲರೂ ಕನ್ನಡದಲ್ಲೇ ಬರೆಯುತ್ತೇವೆ.)

ಚಾಚಾ: [ಫಾರ್ವರ್ಡ್ ಆದ ಚಿತ್ರ] "ಮೇಜಿನ ಮೇಲೆ ಊಟ ಮಾಡುವುದು ಸುನ್ನತ್‌ಗೆ (ಪ್ರವಾದಿಯವರ ನಡೆ-ನುಡಿಯ ಮಾದರಿಗೆ) ವಿರುದ್ಧ. ಒಂದು ಸುನ್ನತ್ ಬಿಟ್ಟವನಿಗೂ ಕಿಯಾಮತ್ (ಅಂತಿಮ ತೀರ್ಪಿನ) ದಿನ ಪ್ರವಾದಿಯವರ (ಸ) ಶಫಾಅತ್ (ಅಲ್ಲಾಹನ ಮುಂದೆ ಶಿಫಾರಸು) ಸಿಗುವುದಿಲ್ಲ. ಹತ್ತು ಜನರಿಗೆ ಕಳುಹಿಸಿ, ಸವಾಬ್ (ಪುಣ್ಯ) ಪಡೆಯಿರಿ."

ಚಾಚಾ: ನಿನ್ನೆಯೇ ಹೇಳಬೇಕೆಂದಿದ್ದೆ. ಅತಿಥಿಗಳ ಮುಂದೆ ಬೇಡವೆಂದು ಸುಮ್ಮನಾದೆ. ನೆಲದ ಮೇಲೆ ದಸ್ತರ್‌ಖಾನ್ (ಊಟದ ಬಟ್ಟೆ) ಹಾಸಿ ಉಣಬಡಿಸುವುದು ಅಬ್ಬಾ ಅವರ ಕಾಲದಿಂದ ನಮ್ಮ ಮನೆಯ ರೂಢಿ.

ದಮ್ಮಾಮ್ ಭಾಯಿ (ಸೌದಿಯ ದಮ್ಮಾಮ್‌ನಲ್ಲಿರುವವರು): ಸರಿಯಾಗಿ ಹೇಳಿದಿರಿ ಚಾಚಾ. ಸುನ್ನತ್ ಎಂದ ಮೇಲೆ ಚರ್ಚೆಯೇ ಇಲ್ಲ. "ರಸೂಲರು ಕೊಟ್ಟದ್ದನ್ನು ತೆಗೆದುಕೊಳ್ಳಿ, ತಡೆದದ್ದನ್ನು ಬಿಡಿ" ಎಂದು ಕುರ್‌ಆನಿನ 59ನೇ ಸೂರಾದಲ್ಲೇ ಇದೆ.

ತಮ್ಮ: ಕುರ್‌ಆನ್ ಒಂದೇ ಸಾಕು ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಪ್ರವಾದಿಯವರು ವಫಾತ್ ಆದದ್ದು 632ರಲ್ಲಿ. ಹದೀಸುಗಳನ್ನು (ಪ್ರವಾದಿಯವರ ಮಾತು-ನಡೆಗಳ ವರದಿಗಳನ್ನು) ಸಂಗ್ರಹಿಸಿದ ಇಮಾಮ್ ಬುಖಾರಿಯವರು ತೀರಿಕೊಂಡದ್ದು 870ರಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. ಬಾಯಿಂದ ಬಾಯಿಗೆ ಬಂದ ಮಾತನ್ನು ಹಿಡಿದುಕೊಂಡು ಮೇಜು ಹರಾಮ್, ಕುರ್ಚಿ ಹರಾಮ್ ಎಂದು ಹೆದರಿಸುತ್ತಾ ಬಂದಿದ್ದಾರೆ.

ಚಾಚಾ: ಹರಾಮ್ ಎಂದು ನಾನು ಹೇಳಿಲ್ಲ. ಹದೀಸನ್ನೇ ತಳ್ಳಿಹಾಕುವ ಮಾತು ಈ ಮನೆಯಲ್ಲಿ ಬೇಡ.

ನಾನು: ಚಾಚಾ, ಮೊದಲು ಮೇಜಿನ ವಿಷಯ. ಹದೀಸ್ ಇರುವುದು ನಿಜ, ಬುಖಾರಿಯಲ್ಲೇ ಇದೆ. ಪ್ರವಾದಿಯವರ (ಸ) ಸೇವೆಯಲ್ಲಿ ಬೆಳೆದ ಅನಸ್ (ರ) ಹೇಳುತ್ತಾರೆ: ಅವರು ಎತ್ತರದ ಮೇಜಿನ ಮೇಲೆ ಉಣ್ಣಲಿಲ್ಲ, ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಉಣ್ಣಲಿಲ್ಲ, ಅವರಿಗಾಗಿ ತೆಳುವಾದ ರೊಟ್ಟಿಯನ್ನು ಬೇಯಿಸಲೂ ಇಲ್ಲ. ಮೂರೂ ಒಂದೇ ಮಾತಿನಲ್ಲಿವೆ. ನಿನ್ನೆ ರುಮಾಲಿ ರೊಟ್ಟಿ ಬಡಿಸಿದಾಗ ಸುನ್ನತ್ ತಪ್ಪಿತು ಎಂದು ಯಾರಿಗೂ ಅನ್ನಿಸಲಿಲ್ಲ. ಅನಿಸಬೇಕಾಗಿಯೂ ಇರಲಿಲ್ಲ. ಅನಸ್ ತಾವು ಕಂಡ ಸರಳ ಬದುಕನ್ನು ಹೇಳಿದರೇ ಹೊರತು ಪ್ರವಾದಿಯವರು ಇವನ್ನು ನಿಷೇಧಿಸಿದರು ಎಂದು ಹೇಳಲಿಲ್ಲ.

ನಾನು: ನಾವು ಹನಫಿಗಳು. ನಮ್ಮ ಮಝ್‌ಹಬಿನ (ಧರ್ಮಶಾಸ್ತ್ರ ಪಂಥದ) ಉಸೂಲ್ (ಮೂಲತತ್ವಗಳ) ಗ್ರಂಥಗಳೇ ಸುನ್ನತ್ತನ್ನು ಎರಡಾಗಿ ವಿಂಗಡಿಸಿವೆ. ಅಝಾನ್, ಜಮಾಅತ್ (ಸಾಮೂಹಿಕ ನಮಾಝ್) ಮೊದಲಾದವು ಸುನನ್-ಎ-ಹುದಾ (ಧರ್ಮದ ದಾರಿಯ ಸುನ್ನತ್ತುಗಳು). ಅವನ್ನು ಬಿಡುವುದನ್ನೇ ರೂಢಿ ಮಾಡಿಕೊಂಡವರು ದೂಷಣೆಗೆ ಅರ್ಹರು. ಪ್ರವಾದಿಯವರ ಉಡುಪು, ಕೂರುವ, ಉಣ್ಣುವ ರೀತಿ ಸುನನ್-ಎ-ಝವಾಯಿದ್ (ಹೆಚ್ಚುವರಿ ಸುನ್ನತ್ತುಗಳು). ಪ್ರೀತಿಯಿಂದ ಅನುಸರಿಸಿದವರಿಗೆ ಪುಣ್ಯ ಇದೆ, ಬಿಟ್ಟವರಿಗೆ ಪಾಪ ಇಲ್ಲ. ನೀವು ದಸ್ತರ್‌ಖಾನ್ ಹಾಸುವುದು ಆ ಪ್ರೀತಿಯಿಂದ. ಅದರ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಚಿತ್ರದ ಎರಡನೇ ಸಾಲಿನ ಮೇಲೆ.

ನಾನು: ಶಫಾಅತ್ ಸಿಗುವುದಿಲ್ಲ ಎಂದು ಬರೆದವರು ಕಿತಾಬಿನ ಹೆಸರು ಕೊಟ್ಟಿಲ್ಲ, ರಾವಿಯ (ವರದಿ ಮಾಡಿದವರ) ಹೆಸರು ಕೊಟ್ಟಿಲ್ಲ. ಅಬೂ ದಾವೂದ್ ಮತ್ತು ತಿರ್ಮಿದಿಯವರ ಸಂಗ್ರಹಗಳಲ್ಲಿರುವ ಹದೀಸ್ ಏನು ಹೇಳುತ್ತದೆ ಗೊತ್ತೇ? "ನನ್ನ ಶಫಾಅತ್ ನನ್ನ ಉಮ್ಮತ್ತಿನಲ್ಲಿ (ಸಮುದಾಯದಲ್ಲಿ) ದೊಡ್ಡ ಪಾಪಗಳನ್ನು ಮಾಡಿದವರಿಗಾಗಿ." ದೊಡ್ಡ ಪಾಪಿಗಳಿಗೂ ತೆರೆದಿರುವ ಬಾಗಿಲನ್ನು ಕುರ್ಚಿಯಲ್ಲಿ ಕೂತು ಬಿರಿಯಾನಿ ತಿಂದವರಿಗೆ ಮುಚ್ಚಲು ಇವರು ಯಾರು? ಈ ಗುಂಪಿನಲ್ಲಿ ಹನ್ನೆರಡು ವರ್ಷದ ಮಕ್ಕಳಿದ್ದಾರೆ. ಅವರು ಇದನ್ನು ನಂಬುತ್ತಾರೆ.

ದಮ್ಮಾಮ್ ಭಾಯಿ: ನೀನು ಹೇಳಿದಂತೆ ಹೋದರೆ ಎಲ್ಲರೂ ತಮಗೆ ಬೇಡವಾದದ್ದನ್ನು ಝವಾಯಿದ್ ಎನ್ನುತ್ತಾರೆ. ಇಂದು ಮೇಜು, ನಾಳೆ ಗಡ್ಡ, ನಾಳಿದ್ದು ನಮಾಝ್. ತಡೆಯುವವರು ಯಾರು?

ನಾನು: ಇದು ಗಟ್ಟಿಯಾದ ಪ್ರಶ್ನೆ ಭಾಯಿ. ಸಹಾಬಾಗಳು (ಪ್ರವಾದಿಯವರ ಸಂಗಾತಿಗಳು) ಏನು ಮಾಡುತ್ತಿದ್ದರೋ ನೋಡೋಣ. ಅವರು ಪ್ರಶ್ನೆ ಕೇಳುತ್ತಿದ್ದರು. ಮದೀನಾದಲ್ಲಿ ಬರೀರಾ ಎಂಬ ಹೆಣ್ಣುಮಗಳಿದ್ದಳು. ದಾಸ್ಯದಿಂದ ಬಿಡುಗಡೆಯಾದ ಮೇಲೆ ಗಂಡ ಮುಗೀಸ್‌ನನ್ನು ಬಿಟ್ಟಳು. ಆತ ಬೀದಿಗಳಲ್ಲಿ ಅವಳ ಹಿಂದೆ ಅಳುತ್ತಾ ತಿರುಗುತ್ತಿದ್ದ, ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. ಪ್ರವಾದಿಯವರಿಗೆ (ಸ) ಮರುಕವಾಗಿ, ಅವನ ಬಳಿಗೆ ಮರಳಬಾರದೇ ಎಂದರು. ಬರೀರಾ ಕೇಳಿದಳು: "ಅಲ್ಲಾಹನ ರಸೂಲರೇ, ಇದು ಆಜ್ಞೆಯೇ?" "ಇಲ್ಲ, ನಾನು ಅವನ ಪರವಾಗಿ ಶಿಫಾರಸು ಮಾಡುತ್ತಿದ್ದೇನೆ ಅಷ್ಟೇ." "ಹಾಗಾದರೆ ನನಗೆ ಅವನು ಬೇಡ." ಇದೂ ಬುಖಾರಿಯಲ್ಲಿದೆ. ಎದುರಿಗೇ ನಿಂತು ರಸೂಲರ ಮಾತನ್ನು ಒಪ್ಪದವಳನ್ನು ಯಾರೂ ಸುನ್ನತ್ ಬಿಟ್ಟವಳು ಎನ್ನಲಿಲ್ಲ. ಆಜ್ಞೆ ಎಂದಿದ್ದರೆ ಅವಳು ಮರಳುತ್ತಿದ್ದಳು ಎಂಬುದು ಅವಳ ಪ್ರಶ್ನೆಯಲ್ಲೇ ಇದೆ. ಅಧಿಕಾರವನ್ನು ಒಪ್ಪಿದವಳು ಮಾತ್ರ ಹೀಗೆ ಕೇಳುತ್ತಾಳೆ.

ನಾನು: ಖರ್ಜೂರದ ಮರಗಳಿಗೆ ಪರಾಗ ಹಾಕುವ ವಿಷಯವೂ ಹೀಗೆಯೇ. ಅದರಿಂದ ಪ್ರಯೋಜನವಿದೆ ಎಂದು ನನಗನ್ನಿಸುವುದಿಲ್ಲ ಎಂದು ಪ್ರವಾದಿಯವರು ಹೇಳಿದರು, ರೈತರು ಬಿಟ್ಟರು, ಬೆಳೆ ಕೆಟ್ಟಿತು. ಆಗ, ನಿಮ್ಮ ಲೋಕದ ವ್ಯವಹಾರ ನಿಮಗೇ ಚೆನ್ನಾಗಿ ಗೊತ್ತು ಎಂದರು. ಇದು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ. ದೆಹಲಿಯ ವಿದ್ವಾಂಸ ಶಾಹ್ ವಲಿಯುಲ್ಲಾಹ್ (1703–1762) ಇದನ್ನೇ ಆಧಾರವಾಗಿಟ್ಟುಕೊಂಡು, ಪ್ರವಾದಿಯಾಗಿ ತಲುಪಿಸಿದ್ದು ಬೇರೆ, ರೂಢಿ ಮತ್ತು ಅನುಭವದಿಂದ ಆಡಿದ್ದು ಬೇರೆ ಎಂದು ವಿವರಿಸಿದರು. ಆದ್ದರಿಂದ ತಡೆಯುವವರು ಯಾರು ಎಂದರೆ, ದಲೀಲ್ (ಆಧಾರ). ನಮಾಝ್ ಯಾವ ಕಡೆ ಬೀಳುತ್ತದೆ ಎಂಬುದರಲ್ಲಿ ಸಾವಿರದ ನಾಲ್ಕುನೂರು ವರ್ಷಗಳಲ್ಲಿ ಉಲಮಾಗಳಿಗೆ ಗೊಂದಲ ಬಂದಿಲ್ಲ.

ತಮ್ಮ: ಆಪಾ, ನೀವು ನನ್ನ ಕಡೆಗೇ ಬಂದಿರಿ.

ನಾನು: ಇಲ್ಲ ತಮ್ಮಾ. ಕಳೆದ ರಂಜಾನಿನಲ್ಲಿ ನೀನು ಝಕಾತ್ (ಕಡ್ಡಾಯ ದಾನ) ಕೊಟ್ಟೆ. ನಲವತ್ತರಲ್ಲಿ ಒಂದು ಪಾಲು ಎಂಬ ಲೆಕ್ಕ ಕುರ್‌ಆನಿನಲ್ಲಿ ಎಲ್ಲಿದೆ? ಫಜರ್ ನಮಾಝಿಗೆ ಎರಡು ರಕಅತ್ (ನಮಾಝಿನ ಸುತ್ತು), ಮಗ್ರಿಬ್‌ಗೆ ಮೂರು ಎಂದು ಯಾವ ಆಯತ್ತಿನಲ್ಲಿದೆ?

ತಮ್ಮ: ಅದು ಪೀಳಿಗೆಯಿಂದ ಪೀಳಿಗೆಗೆ ಮಾಡುತ್ತಾ ಬಂದದ್ದು. ಎಲ್ಲರೂ ನೋಡಿ ಕಲಿತದ್ದು. ಅದಕ್ಕೆ ಬುಖಾರಿ ಬೇಕಿಲ್ಲ.

ನಾನು: ಹಾಗೆಂದ ಕೂಡಲೇ ನೀನು "ಕುರ್‌ಆನ್ ಒಂದೇ" ಎಂಬಲ್ಲಿಂದ ಹೊರಟು ಇಮಾಮ್ ಮಾಲಿಕರ ಅಂಗಳಕ್ಕೆ ಬಂದೆ. ಅವರು (795ರಲ್ಲಿ ತೀರಿಕೊಂಡವರು) ಮದೀನಾದ ಜನರ ಆಚರಣೆಯನ್ನೇ ಸುನ್ನತ್ತಿನ ಸಾಕ್ಷ್ಯವೆಂದು ಹಿಡಿದವರು. ಕೊಳ್ಳುವವನೂ ಮಾರುವವನೂ ಅಗಲುವವರೆಗೆ ವ್ಯಾಪಾರವನ್ನು ರದ್ದುಮಾಡಬಹುದು ಎಂಬ ಹದೀಸನ್ನು ಅವರೇ ತಮ್ಮ ಗ್ರಂಥ ಮುವತ್ತಾದಲ್ಲಿ ದಾಖಲಿಸಿ, ಇದು ನಮ್ಮಲ್ಲಿ ಆಚರಣೆಯಲ್ಲಿಲ್ಲ ಎಂದು ಅಲ್ಲೇ ಹೇಳಿದರು. ಅವರ ಶಿಷ್ಯ ಶಾಫಿಈ (820ರಲ್ಲಿ ತೀರಿಕೊಂಡವರು) ಇದನ್ನು ಒಪ್ಪಲಿಲ್ಲ. ಊರಿನ ರೂಢಿ ಎಷ್ಟೇ ದೊಡ್ಡದಿರಲಿ, ರಸೂಲರವರೆಗೆ ಸರಿಯಾಗಿ ತಲುಪುವ ಹದೀಸಿನ ಮುಂದೆ ಅದು ನಿಲ್ಲದು ಎಂದರು. ಸುನ್ನತ್ತನ್ನು ತಿಳಿಯುವ ದಾರಿ ಯಾವುದು ಎಂಬುದೇ ಅವರ ಜಗಳ. ಸುನ್ನತ್ ಬೇಕೇ ಎಂಬ ಜಗಳ ಇಬ್ಬರಲ್ಲೂ ಇಲ್ಲ.

ನಾನು: ಇನ್ನೂರು ವರ್ಷದ ಮಾತೂ ಪೂರ್ತಿ ಸರಿಯಲ್ಲ. ಮುವತ್ತಾ ಬುಖಾರಿಗಿಂತ ಹಳೆಯದು. ಅದಕ್ಕೂ ಹಿಂದೆ ಪ್ರವಾದಿಯವರ ಸಂಗಾತಿ ಅಬೂ ಹುರೈರಾ (ರ) ಅವರ ಶಿಷ್ಯ ಹಮ್ಮಾಮ್ ಬಿನ್ ಮುನಬ್ಬಿಹ್ ಬರೆದಿಟ್ಟ ಸಹೀಫಾ (ಹದೀಸ್ ಪುಸ್ತಿಕೆ) ಇದೆ. ಅದನ್ನು ಹಸ್ತಪ್ರತಿಗಳಿಂದ ಸಂಪಾದಿಸಿ ಪ್ರಕಟಿಸಿದವರು ನಮ್ಮ ನೆರೆಯ ಹೈದರಾಬಾದಿನಲ್ಲಿ ಹುಟ್ಟಿದ ವಿದ್ವಾಂಸ ಮುಹಮ್ಮದ್ ಹಮೀದುಲ್ಲಾ. ಹದೀಸುಗಳಲ್ಲಿ ಕಟ್ಟುಕಥೆಗಳು ಸೇರಿದವು ಎಂಬುದು ನಿಜ. ಅದನ್ನು ಮೊದಲು ಹೇಳಿದವರು ಮುಹದ್ದಿಸರೇ (ಹದೀಸ್ ವಿದ್ವಾಂಸರೇ). ಫಿತ್ನಾ (ಮುಸ್ಲಿಮರ ಒಳಜಗಳ) ಎದ್ದ ಮೇಲೆ, ನಿನಗೆ ಹೇಳಿದವರು ಯಾರು, ಹೆಸರು ಹೇಳು ಎಂದು ಕೇಳತೊಡಗಿದರು ಎಂದು ಆರಂಭಕಾಲದ ವಿದ್ವಾಂಸ ಇಬ್ನ್ ಸೀರೀನ್ ಹೇಳಿದ್ದಾರೆ. ಒಬ್ಬೊಬ್ಬ ರಾವಿಯ ನೆನಪು, ನಡತೆ, ಭೇಟಿಗಳನ್ನು ಅವರು ತೂಗಿ ನೋಡಿದರು. ಆ ಶ್ರಮವನ್ನು ಒಂದು ವಿಡಿಯೊ ನೋಡಿ ತಳ್ಳಿಹಾಕುವುದು ನ್ಯಾಯವಲ್ಲ.

ಭಾಭಿ: ನಾನೂ ಒಂದು ಮಾತು ಹೇಳುತ್ತೇನೆ. ಮಂಗಳೂರಿನ ನನ್ನ ತವರಿನಲ್ಲಿ ಶಾಫಿಈ ರೀತಿ. ಅಸರ್ (ಸಂಜೆಯ) ನಮಾಝ್ ನಿಮ್ಮಲ್ಲಿಗಿಂತ ಬೇಗ. ನಮಾಝಿನಲ್ಲಿ ರುಕೂಗೆ (ಬಾಗುವ ಭಂಗಿಗೆ) ಹೋಗುವಾಗ ನಾನು ಕೈ ಎತ್ತುತ್ತೇನೆ, ನೀವು ಎತ್ತುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಅತ್ತೆಯವರು ಒಮ್ಮೆಯೂ ನಿನ್ನದು ಸುನ್ನತ್ ಅಲ್ಲ ಎನ್ನಲಿಲ್ಲ. ಬೇಗ ನಮಾಝ್ ಮಾಡಿಕೋ ಎಂದು ಚಾಪೆ ಹಾಸಿಕೊಡುತ್ತಿದ್ದರು.

ನಾನು: ಭಾಭಿ, ಇದನ್ನು ಮಕ್ಕಳು ಓದಲಿ. ಚಾಚಾ, ಇನ್ನೊಂದು ಮಾತು, ಇದು ನನಗೆ ಬಹಳ ನೋವು ಕೊಡುವಂಥದ್ದು. ಒಂದೇ ಉಸಿರಿನಲ್ಲಿ ಮೂರು ತಲಾಕ್ ಹೇಳುವುದನ್ನು ನಮ್ಮ ಫಿಕ್ಹ್ (ಧರ್ಮಶಾಸ್ತ್ರ) ಗ್ರಂಥಗಳೇ ತಲಾಕ್-ಎ-ಬಿದ್ದತ್ ಎಂದು ಕರೆದವು. ಅಂದರೆ ಸುನ್ನತ್ತಿಗೆ ಹೊರತಾದದ್ದು. ಹೇಳಿದವನು ಪಾಪಿ, ಆದರೂ ತಲಾಕ್ ಆಯಿತು ಎಂದು ಎಷ್ಟು ಹೆಣ್ಣುಮಕ್ಕಳನ್ನು ತವರಿಗೆ ಕಳುಹಿಸಿದರು. ಕೊನೆಗೆ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಅದನ್ನು ರದ್ದುಮಾಡಿತು. ಅದಕ್ಕೂ ಮುಂಚೆ, ಇದು ಸುನ್ನತ್ತಿಗೆ ವಿರುದ್ಧ, ಹತ್ತು ಜನರಿಗೆ ಕಳುಹಿಸಿ ಎಂಬ ಒಂದು ಚಿತ್ರವೂ ಈ ಗುಂಪಿಗೆ ಬರಲಿಲ್ಲ. ಮೇಜಿಗೆ ಬಂತು.

ದಮ್ಮಾಮ್ ಭಾಯಿ: ಅದು ಬೇರೆ ವಿಷಯ.

ನಾನು: ಬೇರೆ ಅಲ್ಲ ಭಾಯಿ. ಸುನ್ನತ್ತಿಗೆ ಅಧಿಕಾರವಿದೆ ಎಂದರೆ ನಮಗೆ ಕಷ್ಟವಾಗುವ ಕಡೆಯೂ ಇದೆ. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಆಯಿಷಾ (ರ) ಹೇಳಿದ್ದು: ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು. ನಿನ್ನೆ ರಾತ್ರಿ ಎರಡು ಗಂಟೆಯವರೆಗೆ ಡೇಗುಗಳನ್ನು (ಅಡುಗೆಯ ದೊಡ್ಡ ಪಾತ್ರೆಗಳನ್ನು) ತೊಳೆದವರು ಮೂವರು ಹೆಂಗಸರು.

ಚಾಚಾ: ಬೇಟಿ, ಎಲ್ಲವನ್ನೂ ಓದಿದೆ. ಕುರ್ಚಿಯ ಊಟ ನನಗೆ ಇಷ್ಟವಿಲ್ಲ, ಅದು ಬದಲಾಗುವುದಿಲ್ಲ. ಆದರೆ ಶಫಾಅತ್ತಿನ ಸಾಲು ಎಲ್ಲಿಂದ ಬಂತೆಂದು ಕಳುಹಿಸಿದವರನ್ನು ಕೇಳಿದೆ. ತನಗೂ ಯಾರೋ ಕಳುಹಿಸಿದ್ದು ಎಂದರು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬ ಹದೀಸನ್ನು ಅಬ್ಬಾ ನಮಗೆ ಬಾಯಿಪಾಠ ಮಾಡಿಸಿದ್ದರು. ಚಿತ್ರವನ್ನು ಅಳಿಸುತ್ತಿದ್ದೇನೆ.

[ಈ ಸಂದೇಶವನ್ನು ಅಳಿಸಲಾಗಿದೆ]

ದಮ್ಮಾಮ್ ಭಾಯಿ: ನಾನಿನ್ನೂ ಒಪ್ಪಿಲ್ಲ. ಝವಾಯಿದ್ ಎಂದು ಬಿಟ್ಟರೆ ಪಾಪವಿಲ್ಲ ಎಂಬುದನ್ನು ಜುಮಾ ಆದ ಮೇಲೆ ಇಲ್ಲಿನ ಮೌಲಾನಾರನ್ನು ಕೇಳುತ್ತೇನೆ.

ನಾನು: ಕೇಳಿ ಭಾಯಿ. ಅವರು ಯಾವ ಕಿತಾಬನ್ನು ತೋರಿಸಿದರು ಎಂಬುದನ್ನೂ ಇಲ್ಲಿ ಬರೆಯಿರಿ.