ಅಪ್‌ಡೇಟ್: ಗದಗದಲ್ಲೇ ಜೊತೆಗಾರರು ಸಿಕ್ಕರು

ಕವಿತೆ, ಚಿತ್ರ, ಸಂಗೀತ ಒಂದುಗೂಡುವ ಪುಟ್ಟ ಪತ್ರಿಕೆಗೆ ಗದಗದಲ್ಲಿ ಜೊತೆಗಾರರು ಸಿಗುತ್ತಾರೆಯೇ, ಇಲ್ಲವೇ ಬೆಂಗಳೂರಿಗೇ ಹೋಗಬೇಕೇ ಎಂದು ಆರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಹೋಗಬೇಕಾಗಲಿಲ್ಲ. ಹಳೆಯ ಮುದ್ರಣಾಲಯಗಳಲ್ಲಿ ವಿಚಾರಿಸಿ ಎಂದು ನಿಮ್ಮಲ್ಲೊಬ್ಬರು ಹೇಳಿದ ಮಾತೇ ದಾರಿಯಾಯಿತು. ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಎಂದೋ ನಿವೃತ್ತರಾದ ಹಿರಿಯರೊಬ್ಬರು, ಉಳಿಸಿಕೊಂಡಿದ್ದ ಸೀಸದ ಮೊಳೆಗಳನ್ನು ಒಂದೊಂದಾಗಿ ಒರೆಸಿ, ತಿರುವುಮುರುವಾದ ಅಕ್ಷರಗಳನ್ನು ಬೆರಳ ತುದಿಯಿಂದಲೇ ಗುರುತಿಸುತ್ತಾ, ನಮ್ಮ ಮುಖಪುಟದ ಶೀರ್ಷಿಕೆಯನ್ನು ಜೋಡಿಸಿಕೊಟ್ಟರು. ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಬೆಟಗೇರಿಯ ನೇಕಾರರೊಬ್ಬರು ಚೌಕಳಿ ಹಾಳೆಯಲ್ಲಿ ಬರೆದುಕೊಟ್ಟ ಸೀರೆಯಂಚಿನ ವಿನ್ಯಾಸವೇ ಪುಟಗಳ ಅಂಚಾಗಿದೆ. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಮುನ್ನಡೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರೊಬ್ಬರು ಎರಡು ಕವಿತೆಗಳಿಗೆ ರಾಗ ಸಂಯೋಜಿಸಿದ್ದಾರೆ. ಬಿಡುಗಡೆಯ ಸ್ಥಳವೊಂದು ಮಾತ್ರ ಇನ್ನೂ ನಿಶ್ಚಯವಾಗಬೇಕಿದೆ.