ಹಳೆ ವಿಮಾನ ಹಾರಿಸಬೇಕಾ, ಸುಮ್ನೆ ಇಡಬೇಕಾ?

ನಮ್ಮದು ಕಾಸರಗೋಡಿನ ಕುಟುಂಬದ ಗುಂಪು. ಅಡಿಕೆ ಧಾರಣೆ, ಮದುವೆ ಬಿಟ್ಟು ಬೇರೆ ವಿಷಯಕ್ಕೆ ಇಲ್ಲಿ ಜಗಳ ಆಗುವುದು ಅಪರೂಪ. ಅದಕ್ಕೇ ಇದನ್ನು ಹಾಕುತ್ತಿದ್ದೇನೆ. ಮಂಗಳೂರು ಭಾವ ಎಂದರೆ ಪೆರ್ಲದ ಮಾವನ ಮಗ.

ಇಂಗ್ಲೆಂಡಿನ ತಮ್ಮ: (3 ವಿಡಿಯೋ) ಇಲ್ಲಿಯ ಓಲ್ಡ್ ವಾರ್ಡನ್ ಊರಿನಲ್ಲಿ, ಹಳೆ ವಿಮಾನ ಇಟ್ಟು ಹಾರಿಸುವ ಶಟಲ್‌ವರ್ತ್ ಕಲೆಕ್ಷನ್ ಮ್ಯೂಸಿಯಂನ ಏರ್‌ಶೋ. ಮೊದಲನೆಯದು 1909ರ ಬ್ಲೇರಿಯೋ ವಿಮಾನ. ಸಂಜೆ ಗಾಳಿ ನಿಂತ ಮೇಲೆಯೇ ಹೊರಗೆ ತಂದರು.

ಪೆರ್ಲದ ಮಾವ: ನೋಡಿದೆ. ಹುಲ್ಲಿನಿಂದ ಎದ್ದಿತು, ಅಷ್ಟರಲ್ಲಿ ಇಳಿಯಿತು. ಇದಕ್ಕೆ ಟಿಕೆಟ್ ಬೇರೆಯಾ ಮಾರಾಯ?

ತಮ್ಮ: ಇದೇ ಮಾದರಿಯ ವಿಮಾನದಲ್ಲಿ, ಅದನ್ನು ಮಾಡಿದ ಬ್ಲೇರಿಯೋ ಎನ್ನುವವನೇ 1909ರ ಜುಲೈ 25ಕ್ಕೆ ಇಂಗ್ಲಿಷ್ ಚಾನೆಲ್ ದಾಟಿದ್ದು ಮಾವ.

ಮಂಗಳೂರು ಭಾವ: ರೆಕ್ಕೆ ನೋಡಿ. ವಾಲಿಸುವುದಕ್ಕೆ ತಂತಿ ಎಳೆದು ರೆಕ್ಕೆಯನ್ನೇ ತಿರುಚುತ್ತಾರೆ.

ಮಾವ: ಅದಕ್ಕೇ ಹೇಳಿದ್ದು. ಮರ, ಬಟ್ಟೆ, ತಂತಿ. ಬಿದ್ದರೆ ಮತ್ತೆ ಸಿಗುತ್ತದಾ? 2022ರಲ್ಲಿ ಡಲ್ಲಾಸ್ ಏರ್‌ಶೋದಲ್ಲಿ ಎರಡನೇ ಮಹಾಯುದ್ಧದ ಕಾಲದ ಎರಡು ವಿಮಾನ ಡಿಕ್ಕಿಯಾಗಿ 6 ಜನ ಹೋದರು. ಅಸಲನ್ನು ಮ್ಯೂಸಿಯಂನಲ್ಲಿ ಇಡಲಿ, ಹಾರಿಸಲು ನಕಲು ಮಾಡಲಿ.

ಭಾವ: ಓಡಿಸದೆ ಇಟ್ಟರೆ ಎಂತ ಆಗುತ್ತದೆ ಅಂತ ನಮ್ಮ ಶೆಡ್ಡಿನ ಜೀಪು ನೋಡಿ ಅಪ್ಪ. ವಯರೆಲ್ಲ ಇಲಿ ತಿಂದಾಯಿತು 😀

ಮಾವ: ಜೀಪು ಕೆಟ್ಟರೆ ರಸ್ತೆ ಬದಿ ನಿಲ್ಲುತ್ತದೆ. ಇದು ಎಲ್ಲಿ ನಿಲ್ಲುವುದು?

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ.)

ತಮ್ಮ: ಮ್ಯೂಸಿಯಂನಲ್ಲಿ ವಾಸನೆ ಸಿಗುವುದಿಲ್ಲ ಮಾವ. ಎರಡನೇ ವಿಡಿಯೋ 1918ರ ಆವ್ರೊ 504. ಅದರಲ್ಲಿ ಪ್ರೊಪೆಲ್ಲರ್ ಜೊತೆ ಇಡೀ ಇಂಜಿನ್ನೇ ಗಿರಗಿರ ತಿರುಗುತ್ತದೆ. ಬೇರೆ ಎಣ್ಣೆ ಪೆಟ್ರೋಲಿನಲ್ಲಿ ಕರಗಿಬಿಡುತ್ತದೆ ಅಂತ ಹರಳೆಣ್ಣೆ ಹಾಕುತ್ತಾರೆ. ಒಳಗೆ ಹೋದ ಎಣ್ಣೆ ವಾಪಸ್ ಟ್ಯಾಂಕಿಗೆ ಬರುವುದಿಲ್ಲ. ಹೊಗೆಯಾಗಿ, ಹನಿಯಾಗಿ ಹಿಂದಕ್ಕೆ ಸಿಡಿಯುತ್ತದೆ. ಬೇಲಿ ಹತ್ತಿರ ನಿಂತ ನಮಗೂ ಘಂ ಅಂತ ಬಂತು.

ಕುಂಬಳೆ ಚಿಕ್ಕಮ್ಮ: ಹರಳೆಣ್ಣೆಯಾ!! ಪೈಲಟಿನ ಹೊಟ್ಟೆ ಗತಿ?

ತಮ್ಮ: ಮೊದಲ ಮಹಾಯುದ್ಧದಲ್ಲಿ ಕೆಡುತ್ತಿತ್ತಂತೆ ಚಿಕ್ಕಮ್ಮ 😂

ಮಾವ: ಮೂರನೆಯದು ಚೆನ್ನಾಗಿ ಸುತ್ತು ಹಾಕಿದೆ. ಅದೂ ಹಳೆಯದಾ?

ತಮ್ಮ: ಬ್ರಿಸ್ಟಲ್ ಬಾಕ್ಸ್‌ಕೈಟ್. ಮಾದರಿ 1910ರದ್ದು. ಆದರೆ ಇದು... 1960ರ ದಶಕದಲ್ಲಿ ಸಿನಿಮಾಕ್ಕೆ ಮಾಡಿದ ನಕಲು.

ಮಾವ: ನಾನು ಹೇಳಿದ್ದೂ ಅದನ್ನೇ ಅಲ್ವಾ? ನಕಲು ಸುತ್ತು ಹಾಕಿತು, ಅಸಲು ಒಂದು ನೆಗೆತ ನೆಗೆದು ಕೂತಿತು. ಸತ್ಯ ಹೇಳು, ನಿನಗೆ ಜಾಸ್ತಿ ಖುಷಿ ಆದದ್ದು ಯಾವುದು ನೋಡಿ?

ತಮ್ಮ: ಬ್ಲೇರಿಯೋ.

ನಾನು: ಮಾವನ ಲೆಕ್ಕ ಸರಿ ಇದೆ. ಆದರೂ ನನ್ನ ಓಟು ತಮ್ಮನಿಗೆ. ನಕಲಿಗೆ ಯಾರೂ ಗಾಳಿ ನಿಲ್ಲಲಿ ಅಂತ ಸಂಜೆವರೆಗೆ ಕಾದು ಕೂರುವುದಿಲ್ಲ.

ತಮ್ಮ: ಅಕ್ಕಾ, ಬಾಕ್ಸ್‌ಕೈಟಿಗೂ ಕಾದೇ ಕೂತಿದ್ದೆವು 🙈

ಭಾವ: ನಮ್ಮ ವಾಯುಪಡೆಯಲ್ಲೂ ಒಂದು ಹಳೆ ಡಕೋಟಾ ಉಂಟು ಅಪ್ಪ. 2018ರಲ್ಲಿ ಸೇರಿದ್ದು. ಹೆಸರು ಪರಶುರಾಮ.

ಮಾವ: ಅದು ಬೇಕಾದರೆ ಹಾರಲಿ. 1951ರಲ್ಲಿ ನೆಹರು ಬಜಪೆಗೆ ಬಂದು ಇಳಿದದ್ದು ಡಕೋಟಾದಲ್ಲೇ. ಲೋಹದ್ದು, ಗಟ್ಟಿ.

ಚಿಕ್ಕಮ್ಮ: ಅಣ್ಣ, ಜೀಪು ಕೂಡ ಲೋಹದ್ದೇ.